ಪಂಪ್ ರೈಫಲ್ಲಿಗೆ ಜಾಗ ಕೊಡುವವರು ಯಾರು?

ಕೌಬಾಯ್ ಸಿನಿಮಾ ನೋಡಿದವರಿಗೆಲ್ಲ ಲಿವರ್ ರೈಫಲ್ ಗೊತ್ತು. ಟ್ರಿಗರಿನ ಸುತ್ತ ಬಳೆಯಂತೆ ಬಾಗಿದ ಕಬ್ಬಿಣದ ಸನ್ನೆಯನ್ನು ನಾಯಕ ಕೆಳಕ್ಕೆ ತಳ್ಳಿ ಮೇಲಕ್ಕೆಳೆಯುತ್ತಾನೆ. ಖಾಲಿ ತೋಟಾ ಹೊರಕ್ಕೆ ಚಿಮ್ಮಿ ಹೊಸದು ನಳಿಗೆಯ ಬುಡಕ್ಕೆ ಬಂದು ಕೂರುತ್ತದೆ. ಅದೇ ಕಾಲದಲ್ಲಿ, ಅದೇ ತೋಟಾವನ್ನು ಇನ್ನೂ ಸಲೀಸಾಗಿ ಹಾರಿಸುತ್ತಿದ್ದ ಇನ್ನೊಂದು ರೈಫಲ್ ಇತ್ತು. ನಳಿಗೆಯ ಕೆಳಗಿರುವ ಮರದ ಹಿಡಿಯನ್ನು ಎಡಗೈಯಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಅದರ ಕೆಲಸ ಮುಗಿಯಿತು. ಬಲಗೈ ಟ್ರಿಗರ್ ಬಿಟ್ಟು ಕದಲಬೇಕಿಲ್ಲ, ಕೆನ್ನೆ ಭುಜಕ್ಕೊತ್ತಿದ ಮರದ ಬುಡದಿಂದ ಏಳಬೇಕಿಲ್ಲ, ಕಣ್ಣು ಗುರಿಯಿಂದ ತಪ್ಪಬೇಕಿಲ್ಲ. ರಿವಾಲ್ವರಿನ ತೋಟಾ ಉಣ್ಣುವ ಇಂಥ ಪಂಪ್ ರೈಫಲ್ ಕಳೆದ 140 ವರ್ಷಗಳಲ್ಲಿ ಹಲವು ಸಲ ಹುಟ್ಟಿದೆ, ಹುಟ್ಟಿದಷ್ಟೇ ಬೇಗ ಮೂಲೆ ಸೇರಿದೆ. ಇಂದು ಅಮೆರಿಕದ ಬಂದೂಕಿನಂಗಡಿಯಲ್ಲೂ ಅದು ಅಪರೂಪದ ಸರಕು. ಒಳ್ಳೆಯ ಯುಕ್ತಿಯೊಂದು ಇಷ್ಟು ಸಲ ಸೋಲುವುದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಹೆಚ್ಚಿನವರು ಉಕ್ಕಿನಲ್ಲಿ, ಸ್ಪ್ರಿಂಗಿನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವುದು ಅರ್ಧ ಉತ್ತರ. ಉಳಿದರ್ಧ ನಿಯಮಪುಸ್ತಕದಲ್ಲಿದೆ. ಇಂಥ ರೈಫಲ್ ಕೊಳ್ಳಹೊರಟವನು ಮೊದಲು ಓದಬೇಕಾದದ್ದೂ ಅದನ್ನೇ.

ಒಂದೇ ತೋಟಾ, ಎರಡು ಆಯುಧ

ರಿವಾಲ್ವರ್ ತೋಟಾವನ್ನು ರೈಫಲ್ಲಿಗೆ ಹಾಕುವುದು ಇವತ್ತಿಗೆ ವಿಚಿತ್ರವೆನಿಸಬಹುದು. 19ನೇ ಶತಮಾನದ ಅಮೆರಿಕದ ಪಶ್ಚಿಮದಲ್ಲಿ ಅದು ಸಾಮಾನ್ಯ ಲೆಕ್ಕಾಚಾರ. ವಿಂಚೆಸ್ಟರ್ ಕಂಪನಿಯ 1873ರ ಲಿವರ್ ರೈಫಲ್ .44-40 ಎಂಬ ತೋಟಾದೊಂದಿಗೆ ಬಂತು: 44 ಎನ್ನುವುದು ಗುಂಡಿನ ಗಾತ್ರದ ಗುರುತು, 40 ಎನ್ನುವುದು ಅದರೊಳಗಿನ ಕಪ್ಪು ಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿ ಅದೇ ತೋಟಾಕ್ಕೆ ತನ್ನ ರಿವಾಲ್ವರನ್ನೂ ಹೊಂದಿಸಿತು. ಊರಿನಿಂದ ನೂರಾರು ಮೈಲಿ ದೂರ ದನ ಕಾಯುವವನಿಗೆ ಸೊಂಟದ ಪಟ್ಟಿಯ ತೋಟಾ ಎರಡೂ ಆಯುಧಕ್ಕೆ ನಡೆದರೆ ಹೊರುವ ಭಾರ ಕಡಿಮೆ, ತಪ್ಪು ತೋಟಾ ತುರುಕುವ ಭಯವೂ ಇಲ್ಲ. ಕೋಲ್ಟ್ ಕಂಪನಿ ತಾನೂ ಒಂದು ಲಿವರ್ ರೈಫಲ್ ಮಾಡಿ ನೋಡಿತು. 1883ರಲ್ಲಿ ಬಂದ ಕೋಲ್ಟ್-ಬರ್ಜೆಸ್ ಎರಡೇ ವರ್ಷದಲ್ಲಿ ನಿಂತುಹೋಯಿತು. ವಿಂಚೆಸ್ಟರ್ ರಿವಾಲ್ವರ್ ಮಾಡದಿದ್ದರೆ ಕೋಲ್ಟ್ ಲಿವರ್ ರೈಫಲ್ ಮಾಡುವುದಿಲ್ಲ ಎಂಬ ಗುಟ್ಟಿನ ಒಪ್ಪಂದವಾಯಿತೆಂದು ಹೇಳುವುದುಂಟು. ಅದರಲ್ಲಿ ದಾಖಲೆಗಿಂತ ದಂತಕತೆಯ ಪಾಲೇ ಹೆಚ್ಚು. ದಾಖಲೆಯಲ್ಲಿರುವುದು ಇಷ್ಟು: 1884ರಲ್ಲಿ ಕೋಲ್ಟ್ ಲಿವರ್ ಬಿಟ್ಟು ಪಂಪ್ ಹಿಡಿಯಿತು. ಆ ರೈಫಲ್ಲಿನ ಹೆಸರು ಲೈಟ್ನಿಂಗ್.

ಲೈಟ್ನಿಂಗ್ ಮೂರು ಅಳತೆಯಲ್ಲಿ ಬಂತು. .32-20, .38-40, .44-40 ತೋಟಾಗಳ ಮಧ್ಯಮ ಗಾತ್ರದ್ದು 1884ರಿಂದ, .22ರ ಚಿಕ್ಕದು ಮತ್ತು ದೊಡ್ಡ ಬೇಟೆಗೆಂದು ಮಾಡಿದ ಎಕ್ಸ್‌ಪ್ರೆಸ್ 1887ರಿಂದ. ಚಿಕ್ಕದೂ ಮಧ್ಯಮದ್ದೂ ತಲಾ 90 ಸಾವಿರದ ಹತ್ತಿರ ತಯಾರಾಗಿ, ಮಧ್ಯಮದ್ದು 1902ರವರೆಗೆ, ಚಿಕ್ಕದು 1904ರವರೆಗೆ ಬಾಳಿದವು. ಎಕ್ಸ್‌ಪ್ರೆಸ್ ಮಾತ್ರ ಆರೂವರೆ ಸಾವಿರದ ಆಸುಪಾಸಿಗೆ, 1894ರಲ್ಲೇ ಕೊನೆಯಾಯಿತು. ಸ್ಯಾನ್‌ಫ್ರಾನ್ಸಿಸ್ಕೊ ಪೊಲೀಸರು ನಾನೂರು ಚಿಲ್ಲರೆ ಮಧ್ಯಮ ಲೈಟ್ನಿಂಗ್ ಕೊಂಡಿದ್ದರು. ಇಲಾಖೆಯ ಅಕ್ಷರ ಮತ್ತು ಸಂಖ್ಯೆ ಕೊರೆದ ಆ ಬಂದೂಕುಗಳ ಹಿಂದೆ ಸಂಗ್ರಾಹಕರು ಇಂದಿಗೂ ಬಿದ್ದಿದ್ದಾರೆ. ಆದರೆ ಎದುರಾಳಿಯ ಲೆಕ್ಕ ನೋಡಿ. ವಿಂಚೆಸ್ಟರ್ 1873 ಏಳು ಲಕ್ಷ ದಾಟಿತು, ಅದರ ತಮ್ಮನಂತೆ ಬಂದ 1892 ಹತ್ತು ಲಕ್ಷ ಮುಟ್ಟಿತು. ಒಂದೇ ತೋಟಾ, ಒಂದೇ ಕಾಲ, ಒಂದೇ ಗಿರಾಕಿ. ಆದರೂ ಹತ್ತಕ್ಕೆ ಒಂದರಷ್ಟೂ ಪಂಪಿಗೆ ದಕ್ಕಲಿಲ್ಲ.

ಉಕ್ಕಿನ ತಪ್ಪೆಷ್ಟು?

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಸರಕು ಒಳ್ಳೆಯದಿದ್ದರೆ ಮಾರುಕಟ್ಟೆ ಕೈಬಿಡುತ್ತಿತ್ತೇ? ಲೈಟ್ನಿಂಗಿನಲ್ಲಿ ಕೊರತೆ ಇತ್ತು ಎನ್ನುವುದನ್ನು ಒಪ್ಪಬೇಕು. ಗುಂಡು ಹಾರಿದಾಗ ತೋಟಾದ ಹಿತ್ತಾಳೆ ಹಿಗ್ಗಿ ತನ್ನ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಕಪ್ಪು ಮದ್ದಿನ ಮಸಿ ಕಟ್ಟಿದ ಗೂಡಿನಿಂದ ಅದನ್ನು ಕಿತ್ತು ತೆಗೆಯಲು ಮೊದಲ ಎಳೆತಕ್ಕೆ ಹೆಚ್ಚು ಬಲ ಬೇಕು. ಲಿವರ್ ಈ ಬಲವನ್ನು ಸನ್ನೆಕೋಲಿನ ಲೆಕ್ಕದಲ್ಲಿ ಹೆಚ್ಚಿಸಿಕೊಡುತ್ತದೆ. ಪಂಪಿನಲ್ಲಿ ಎಡಗೈಯ ನೇರ ಎಳೆತವಷ್ಟೇ ಗತಿ. ಒತ್ತಡ ಕಡಿಮೆಯಿರುವ ತೋಟಾದಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಉದ್ದನೆಯ ದೊಡ್ಡ ತೋಟಾದಲ್ಲಿ ಗೊತ್ತಾಗಿಯೇ ಆಗುತ್ತದೆ. ಎಕ್ಸ್‌ಪ್ರೆಸ್ ಬೇಗ ಸೋತದ್ದಕ್ಕೂ ಚಿಕ್ಕದು ಕೊನೆಯವರೆಗೆ ಬಾಳಿದ್ದಕ್ಕೂ ಇದೊಂದು ಕಾರಣವೆನ್ನಬಹುದು. ಇದರ ಜೊತೆಗೆ ಲೈಟ್ನಿಂಗಿನ ಹೊಟ್ಟೆಯೊಳಗೆ ಸಣ್ಣಪುಟ್ಟ ಭಾಗಗಳು ಜಾಸ್ತಿ. ಒಂದರ ಮೂಲೆ ಸವೆದರೆ ಇನ್ನೊಂದರ ಲಯ ತಪ್ಪುತ್ತದೆ. ಧೂಳಿನ ನಾಡಿನಲ್ಲಿ, ರಿಪೇರಿ ಮಾಡುವವನೇ ಇಲ್ಲದ ಕಡೆ, ಇದು ಸಣ್ಣ ದೋಷವಲ್ಲ.

ಆದರೆ ಈ ದೋಷ ಪಂಪ್ ಎಂಬ ಯುಕ್ತಿಯದ್ದಲ್ಲ, ಆ ಒಂದು ವಿನ್ಯಾಸದ್ದು. ಯುಕ್ತಿ ಬೇರೆಡೆ ಗೆದ್ದಿದೆ. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1897ರ ಶಾಟ್‌ಗನ್, 1950ರಲ್ಲಿ ಬಂದು ಒಂದು ಕೋಟಿಗೂ ಮೀರಿ ಮಾರಾಟವಾದ ರೆಮಿಂಗ್ಟನ್ 870 ಎರಡೂ ಪಂಪ್‌ಗಳೇ. ಅಮೆರಿಕದ ಜಾತ್ರೆಗಳ ಗುರಿ ಹೊಡೆಯುವ ಮಳಿಗೆಗಳಲ್ಲಿ ದಿನವಿಡೀ ಸದ್ದು ಮಾಡುತ್ತಿದ್ದ .22ರ ವಿಂಚೆಸ್ಟರ್ 1890 ಕೂಡ ಪಂಪ್. ಭಾರಿ ತೋಟಾಕ್ಕೂ ಪರಿಹಾರ ಸಿಕ್ಕಿತು. ತಿರುಗಿ ಬೀಗ ಹಾಕಿಕೊಳ್ಳುವ ಬೋಲ್ಟ್ ಅಳವಡಿಸಿದ ರೆಮಿಂಗ್ಟನ್ 760 ಎಂಬ ಪಂಪ್ ರೈಫಲ್ 1952ರಿಂದ 1981ರವರೆಗೆ ಸುಮಾರು ಹತ್ತು ಲಕ್ಷ ತಯಾರಾಯಿತು. ಬೋಲ್ಟ್ ತಿರುಗುವಾಗಲೇ ಅಂಟಿದ ತೋಟಾ ಸಡಿಲಗೊಳ್ಳುವುದರಿಂದ ಎಡಗೈಗೆ ಶ್ರಮವಿಲ್ಲ. ರಿವಾಲ್ವರ್ ತೋಟಾದ ಪಂಪ್ ರೈಫಲ್ಲನ್ನೂ ಬೇರೆಯವರು ಮತ್ತೆ ಮಾಡಿದರು. ಜಾನ್ ಪೆಡರ್ಸನ್ ವಿನ್ಯಾಸದ ರೆಮಿಂಗ್ಟನ್ ಹದಿನಾಲ್ಕೂವರೆ ಮಾದರಿ .38-40 ಮತ್ತು .44-40ಕ್ಕೆಂದೇ ಬಂದದ್ದು, ಲೈಟ್ನಿಂಗಿಗಿಂತ ಅಚ್ಚುಕಟ್ಟು, ಗಟ್ಟಿಮುಟ್ಟು. ಅದೂ ಜನಪ್ರಿಯವಾಗಲಿಲ್ಲ. ಹಾಗಾದರೆ ಸೋಲಿನ ಕಾರಣ ಉಕ್ಕಿನಾಚೆ ಹುಡುಕಬೇಕು.

ನಿಯಮ ತೆರೆದ ಬಾಗಿಲು

760ರ ಗೆಲುವನ್ನೇ ತೆಗೆದುಕೊಳ್ಳಿ. ಅದು ಹೆಚ್ಚು ಮನೆಮಾತಾದ ನಾಡು ಪೆನ್ಸಿಲ್ವೇನಿಯಾ. ಆ ರಾಜ್ಯದಲ್ಲಿ ಜಿಂಕೆ ಬೇಟೆಗೆ ಅರೆ-ಸ್ವಯಂಚಾಲಿತ ರೈಫಲ್ ಬಳಸುವಂತಿರಲಿಲ್ಲ. ದಟ್ಟ ಕಾಡಿನಲ್ಲಿ ಎರಡನೇ ಈಡು ಬೇಗ ಹೊಡೆಯಬೇಕೆನ್ನುವ ಬೇಟೆಗಾರನಿಗೆ, ಕಾನೂನು ಒಪ್ಪುವ ಬಂದೂಕುಗಳ ಪೈಕಿ ಚುರುಕಾದದ್ದು ಪಂಪ್. ಹೊಸ ಯಂತ್ರಗಳನ್ನು ಆದಷ್ಟು ದೂರವಿಡುವ ಆಮಿಶ್ ಪಂಗಡದವರ ಹೆಸರು ಹಿಡಿದು ‘ಆಮಿಶರ ಮೆಷಿನ್‌ಗನ್’ ಎಂದು ಅದಕ್ಕೆ ಅಡ್ಡಹೆಸರೂ ಬಿತ್ತು. ಆಸ್ಟ್ರೇಲಿಯಾದಲ್ಲಿ ಇದೇ ಸಂಗತಿ ಹೆಚ್ಚು ಗಂಭೀರವಾಗಿ ನಡೆಯಿತು. 1996ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬ ಬಂದೂಕುಧಾರಿ 35 ಜನರನ್ನು ಕೊಂದ. ಅದರ ಬೆನ್ನಿಗೆ ರೂಪುಗೊಂಡ ರಾಷ್ಟ್ರೀಯ ಒಪ್ಪಂದ ಅರೆ-ಸ್ವಯಂಚಾಲಿತ ರೈಫಲ್ಲುಗಳನ್ನೂ ಪಂಪ್ ಶಾಟ್‌ಗನ್ನುಗಳನ್ನೂ ಕಟ್ಟುನಿಟ್ಟಿನ ವರ್ಗಕ್ಕೆ ಹಾಕಿತು. ಪಂಪ್ ರೈಫಲ್ಲನ್ನು ಮಾತ್ರ ಬೋಲ್ಟ್ ಮತ್ತು ಲಿವರ್ ರೈಫಲ್ಲುಗಳ ಸಾಲಿನಲ್ಲೇ ಬಿಟ್ಟಿತು. ಬೇರೆ ಹೆಚ್ಚಿನ ದೇಶಗಳಲ್ಲಿ ಯಾರೂ ತಿರುಗಿ ನೋಡದ ಪಂಪ್ ರೈಫಲ್ಲಿಗೆ ಅಲ್ಲಿ ಗಿರಾಕಿಗಳು ಹುಟ್ಟಿಕೊಂಡರು. ಅದರ ಗುಣವೇನೂ ರಾತ್ರೋರಾತ್ರಿ ಹೆಚ್ಚಿರಲಿಲ್ಲ.

ಲೈಟ್ನಿಂಗಿನ ಮರುಹುಟ್ಟೂ ಹೀಗೆಯೇ ಆಯಿತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೌಬಾಯ್ ವೇಷದ ಗುರಿಕಾರಿಕೆಯ ಕ್ರೀಡೆಯೊಂದು ಶುರುವಾಯಿತು. 1987ರಲ್ಲಿ ಅದಕ್ಕೆ ಸಿಂಗಲ್ ಆ್ಯಕ್ಷನ್ ಶೂಟಿಂಗ್ ಸೊಸೈಟಿ ಎಂಬ ಸಂಸ್ಥೆಯಾಯಿತು. ಸ್ಪರ್ಧಿಗೆ ಎರಡು ರಿವಾಲ್ವರ್, ಒಂದು ಶಾಟ್‌ಗನ್, ಒಂದು ರೈಫಲ್. ಎದುರಿಗೆ ಉಕ್ಕಿನ ಹಲಗೆಗಳು. ಸೀಸದ ಗುಂಡು ತಗುಲಿದರೆ ಹಲಗೆ ಠಣ್ ಎನ್ನುತ್ತದೆ. ರೈಫಲ್ 19ನೇ ಶತಮಾನದ ವಿನ್ಯಾಸದ್ದಾಗಿರಬೇಕು, ಸುತ್ತಿಗೆ ಹೊರಗೆ ಕಾಣಬೇಕು, ತೋಟಾ ಪಿಸ್ತೂಲಿನದ್ದಾಗಿರಬೇಕು, ನಡೆಸುವ ಬಗೆ ಲಿವರ್ ಅಥವಾ ಪಂಪ್ ಆಗಿರಬೇಕು ಎನ್ನುತ್ತದೆ ನಿಯಮ. ಈ ಕಡೆಯ ಎರಡಕ್ಷರದ ‘ಪಂಪ್’ ಎಂಬ ಮಾತಿನಿಂದ ಹಲವು ಕಾರ್ಖಾನೆಗಳಿಗೆ ಕೆಲಸ ಸಿಕ್ಕಿತು. ಅಮೆರಿಕದ ಯುನೈಟೆಡ್ ಸ್ಟೇಟ್ಸ್ ಫೈರ್ ಆರ್ಮ್ಸ್, ಇಟಲಿಯ ಉಬೆರ್ಟಿ ಮತ್ತು ಪೆಡರ್ಸೊಲಿ ಲೈಟ್ನಿಂಗಿನ ಪ್ರತಿಕೃತಿ ತಂದವು. ಬ್ರೆಜಿಲಿನ ಟಾರಸ್ ಅದಕ್ಕೆ ಥಂಡರ್‌ಬೋಲ್ಟ್ ಎಂದು ಹೆಸರಿಟ್ಟಿತು. ನೂರು ವರ್ಷದ ಹಿಂದೆ ಸತ್ತ ವಿನ್ಯಾಸವನ್ನು ಬೇಟೆಗಾರನೂ ಸೈನಿಕನೂ ಕೇಳಿರಲಿಲ್ಲ. ಒಂದು ಆಟದ ನಿಯಮ ಕೇಳಿತು.

ಇದಕ್ಕೆ ಎದುರು ಸಾಕ್ಷಿಯೂ ಇದೆ. ಸುಮಾರು ಅದೇ ಹೊತ್ತಿಗೆ, 1980ರ ದಶಕದ ಕೊನೆಗೆ, ಇಸ್ರೇಲಿನಲ್ಲಿ ಟಿಂಬರ್‌ವುಲ್ಫ್ ಎಂಬ ಪಂಪ್ ರೈಫಲ್ ತಯಾರಾಗಿ ಅಮೆರಿಕಕ್ಕೆ ಬಂತು. ಊಝಿ ಖ್ಯಾತಿಯ ಇಸ್ರೇಲ್ ಮಿಲಿಟರಿ ಇಂಡಸ್ಟ್ರೀಸ್ ಮಾಡಿದ್ದು; .357 ಮ್ಯಾಗ್ನಮ್‌ಗೆ ಒಂದು, ಅದಕ್ಕಿಂತಲೂ ವಿರಳವಾಗಿ .44 ಮ್ಯಾಗ್ನಮ್‌ಗೆ ಇನ್ನೊಂದು. ಹಗುರ, ಬಿಚ್ಚಿ ಎರಡು ತುಂಡು ಮಾಡಬಹುದು, ದುರ್ಬೀನು ಕೂರಿಸಲು ಮೇಲ್ಗಡೆ ಜಾಗವಿದೆ. ಲೈಟ್ನಿಂಗಿನ ಹಳೆಯ ಕೊರತೆಗಳು ಇದರಲ್ಲಿಲ್ಲ. ಆದರೆ ಇದು ಹೊಸ ಕಾಲದ ವಿನ್ಯಾಸವಾದ್ದರಿಂದ ಕೌಬಾಯ್ ಆಟದ ಅಂಗಳಕ್ಕೆ ಪ್ರವೇಶವಿಲ್ಲ. ದೂರದ ಬೇಟೆಗೆ ತೋಟಾದ ಶಕ್ತಿ ಸಾಲದು. ಅರೆ-ಸ್ವಯಂಚಾಲಿತ ಕೊಳ್ಳಬಲ್ಲವನಿಗೆ ಪಂಪಿನ ಚುರುಕು ಬೇಕಿಲ್ಲ. ಕೆಲವೇ ವರ್ಷಗಳಲ್ಲಿ ಅದು ಕಣ್ಮರೆಯಾಯಿತು. ಎರಡರಲ್ಲಿ ಒಳ್ಳೆಯ ಯಂತ್ರ ಯಾವುದೆಂದು ಕೇಳಿದರೆ ಹಲವು ಬಂದೂಕು ಮಿಸ್ತ್ರಿಗಳು ಟಿಂಬರ್‌ವುಲ್ಫ್ ಕಡೆ ಕೈತೋರಿಸಿಯಾರು. ಬಾಳಿದ್ದು ಮಾತ್ರ ಲೈಟ್ನಿಂಗ್.

ರೂಢಿಯ ಬಲ, ತೋಟಾದ ಬಲ

ಹಾಗಾದರೆ ನಿಯಮವೇ ಎಲ್ಲವೂ ಎನ್ನಬಹುದೇ? ಎನ್ನಲಾಗದು. ಅದೇ ಕೌಬಾಯ್ ಸ್ಪರ್ಧೆಯಲ್ಲಿ ಪಂಪಿಗೂ ಲಿವರಿಗೂ ಸಮಾನ ಅವಕಾಶವಿದ್ದರೂ ಮುಂಚೂಣಿಯ ಸ್ಪರ್ಧಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವುದು ಲಿವರ್. 1873ರ ಪ್ರತಿಕೃತಿಗಳ ಲಿವರಿನ ಓಟವನ್ನು ಗಿಡ್ಡ ಮಾಡುವ ಬಿಡಿಭಾಗಗಳು ಸಿದ್ಧವಾಗಿ ಸಿಗುತ್ತವೆ, ಅದನ್ನು ನುಣುಪಾಗಿಸುವ ಕುಶಲಿಗಳಿದ್ದಾರೆ, ಕಲಿಸುವ ಹಿರಿಯರಿದ್ದಾರೆ. ನಿಯಮ ಬಾಗಿಲು ತೆರೆಯಬಲ್ಲದು. ಒಳಗೆ ಮಣೆ ಹಾಕಿ ಕೂರಿಸುವುದು ರೂಢಿ, ಬಿಡಿಭಾಗ, ಮಿಸ್ತ್ರಿಗಳ ಬಳಗ. 1884ರಲ್ಲಿ ಪಂಪ್ ಎದುರಿಸಿದ್ದೂ ಇದನ್ನೇ. ವಿಂಚೆಸ್ಟರ್ ಅದಾಗಲೇ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜನರ ಕೈಗೆ ಲಿವರ್ ಅಭ್ಯಾಸ ಮಾಡಿಸಿತ್ತು.

ಎರಡನೇ ಆಕ್ಷೇಪ ತೋಟಾದ ಬಗ್ಗೆ. ಪಿಸ್ತೂಲಿನ ತೋಟಾ ಹಾಕಿದ ರೈಫಲ್ ಅತ್ತ ಪಿಸ್ತೂಲಿನಂತೆ ಜೇಬಿಗೂ ಬಾರದು, ಇತ್ತ ರೈಫಲ್ಲಿನಂತೆ ದೂರಕ್ಕೂ ಹೋಗದು ಎನ್ನುತ್ತಾರೆ. ಅಂಕಿಗಳು ಈ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಸುಮಾರು ಹತ್ತು ಗ್ರಾಂ ತೂಕದ .357 ಮ್ಯಾಗ್ನಮ್ ಗುಂಡು ನಾಲ್ಕಂಗುಲದ ರಿವಾಲ್ವರ್ ನಳಿಗೆಯಿಂದ ಸೆಕೆಂಡಿಗೆ 380 ಮೀಟರ್ ವೇಗದಲ್ಲಿ ಹೊರಟರೆ, 18 ಅಂಗುಲದ ನಳಿಗೆಯಿಂದ 550 ಮೀಟರಿನ ಹತ್ತಿರ ಹೋಗಬಲ್ಲದು. ನಿಧಾನಕ್ಕೆ ಉರಿಯುವ ಮದ್ದು ಉದ್ದ ನಳಿಗೆಯಲ್ಲಿ ಗುಂಡನ್ನು ಹೆಚ್ಚು ಹೊತ್ತು ತಳ್ಳುತ್ತದೆ, ಅದಕ್ಕೇ ಈ ವ್ಯತ್ಯಾಸ. ಶಕ್ತಿ 750 ಜೌಲ್‌ನಿಂದ 1,500ಕ್ಕೆ, ಅಂದರೆ ಎರಡರಷ್ಟಾಗುತ್ತದೆ. ಹಳೆಯ .303 ಮಿಲಿಟರಿ ರೈಫಲ್ಲಿನ ಮೂರು ಸಾವಿರ ಜೌಲ್‌ಗೆ ಇದು ಅರ್ಧ, ನಿಜ. ಆದರೆ ನೂರು ಗಜದೊಳಗಿನ ಕೆಲಸಕ್ಕೆ ಸಾಕು. ಭುಜಕ್ಕೆ ಒದೆತ ಕಡಿಮೆ, ಸದ್ದೂ ಕಡಿಮೆ. ಅದೇ ಗೂಡಿನಲ್ಲಿ ಇನ್ನೂ ಸೌಮ್ಯವಾದ .38 ಸ್ಪೆಷಲ್ ಹಾಕಿ ಅಗ್ಗವಾಗಿ ಅಭ್ಯಾಸವನ್ನೂ ಮಾಡಬಹುದು.

ತೋಟಾದ ವಿಚಾರದಲ್ಲಿ ಎಚ್ಚರ ಬೇಕಾದದ್ದು ಬೇರೆ ಕಡೆ. .44-40ಕ್ಕೆ ಇಂದು ಅಮೆರಿಕದ ತೋಟಾ ತಯಾರಕರು ಒಪ್ಪಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 11,000 ಪೌಂಡ್, .45 ಕೋಲ್ಟ್‌ಗೆ 14,000. .357 ಮ್ಯಾಗ್ನಮ್‌ಗೆ ಅದು 35,000. ಕಪ್ಪು ಮದ್ದಿನ ಕಾಲದ ಉಕ್ಕಿಗೂ ಇಂದಿನ ಉಕ್ಕಿಗೂ ಇರುವ ಅಂತರ ಇಲ್ಲಿ ಜೀವದ ಪ್ರಶ್ನೆಯಾಗುತ್ತದೆ. ಅಸಲಿ ಲೈಟ್ನಿಂಗಿಗೆ ಹೆಚ್ಚು ಒತ್ತಡದ ತೋಟಾ ಹಾಕುವುದು ಬಂದೂಕನ್ನೂ ಕಣ್ಣನ್ನೂ ಪಣಕ್ಕಿಟ್ಟಂತೆ. ಪ್ರತಿಕೃತಿಯಲ್ಲೂ ಅಂತರ ಉಂಟು. .44-40ರ ಕತ್ತು ತೆಳು, ಒತ್ತಡಕ್ಕೆ ಥಟ್ಟನೆ ಹಿಗ್ಗಿ ಗೂಡನ್ನು ಮುಚ್ಚಿಬಿಡುತ್ತದೆ. ನೆಟ್ಟಗಿನ ಗೋಡೆಯ .45 ಕೋಲ್ಟ್ ಸೌಮ್ಯ ಮದ್ದಿನಲ್ಲಿ ಅಷ್ಟು ಬಿಗಿಯಾಗಿ ಮುಚ್ಚದೆ ಮಸಿಯನ್ನು ಹಿಂದಕ್ಕೆ ಬಿಡುತ್ತದೆ. ಮಸಿ ಕೂತಷ್ಟೂ ಪಂಪ್ ಬಿಗಿಯುತ್ತದೆ.

ಕೈಯಲ್ಲಿ ಹಿಡಿದು ನೋಡುವುದೇನು?

ಇಂಥ ರೈಫಲ್ಲನ್ನು ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮವೂ ಮೇಲಿನ ಮಾತಿನಿಂದಲೇ ಹುಟ್ಟುತ್ತದೆ. ಬಂದೂಕು ಖಾಲಿಯೆಂದು ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಂಡು, ಹಿಡಿಯನ್ನು ತೀರಾ ನಿಧಾನಕ್ಕೆ ಹಿಂದಕ್ಕೆಳೆಯಬೇಕು. ಮೊದಲ ಅರ್ಧ ಅಂಗುಲದಲ್ಲಿ ಬೀಗ ಬಿಡುವ ಜಾಗದಲ್ಲಿ ಕೈಗೆ ಒರಟು ತಡೆ ಸಿಕ್ಕರೆ ಒಳಗಿನ ಮೂಲೆಗಳು ಸವೆದಿವೆ ಎಂದರ್ಥ. ಆಮೇಲೆ ಮದ್ದು, ಕೇಪು ಇಲ್ಲದ ಡಮ್ಮಿ ತೋಟಾಗಳನ್ನು ಹಾಕಿ ಒಮ್ಮೆ ನಿಧಾನಕ್ಕೆ, ಒಮ್ಮೆ ಬೀಸಾಗಿ ನಡೆಸಬೇಕು. ಪಂಪ್ ಕಲಿಯುವವರ ಸಾಮಾನ್ಯ ತಪ್ಪೆಂದರೆ ಅರೆ ಎಳೆತ: ಹಿಡಿ ಪೂರ್ತಿ ಹಿಂದಕ್ಕೆ ಬಾರದಿದ್ದರೆ ಖಾಲಿ ತೋಟಾ ಹೊರಗೆ ಹೋಗುವುದಿಲ್ಲ, ಇಲ್ಲವೇ ಹೊಸದು ಮೇಲೇಳುವುದಿಲ್ಲ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗುವುದರಿಂದ ಚಪ್ಪಟೆ ಮೂಗಿನ ಗುಂಡೇ ಬೇಕು; ಚೂಪು ಮೂಗು ಮುಂದಿನ ತೋಟಾದ ಕೇಪನ್ನು ಕುಟ್ಟಬಹುದು. ತೋಟಾದ ಉದ್ದವೂ ಮುಖ್ಯ. ಗಿಡ್ಡದು, ಉದ್ದದ್ದು ಎರಡನ್ನೂ ನಡೆಸಿ ನೋಡದೆ ಕೊಳ್ಳಬಾರದು. ಹಳೆಯ ಲೈಟ್ನಿಂಗಿನಲ್ಲಿ ಇನ್ನೊಂದು ಗುಣವಿದೆ: ಟ್ರಿಗರ್ ಅದುಮಿ ಹಿಡಿದೇ ಪಂಪ್ ಮಾಡಿದರೆ ಹಿಡಿ ಮುಂದಕ್ಕೆ ಮುಚ್ಚಿದ ಕ್ಷಣವೇ ಗುಂಡು ಹಾರುತ್ತದೆ. ತಿಳಿದವನಿಗೆ ಅದು ವೇಗ, ತಿಳಿಯದವನಿಗೆ ಅಪಘಾತ.

ಬೆಲೆಯ ವಿಚಾರ ಬಂದಾಗ ಮತ್ತೆ ನಿಯಮಕ್ಕೇ ಮರಳಬೇಕು. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ಪುರಾತನ ವಸ್ತು, ಆಮೇಲಿನದ್ದು ಬಂದೂಕು. ಲೈಟ್ನಿಂಗಿನ ಆಯುಸ್ಸು ಈ ಗೆರೆಯ ಎರಡೂ ಬದಿಗೆ ಹರಡಿದೆ. ಒಂದೇ ಕಾರ್ಖಾನೆ, ಒಂದೇ ಉಕ್ಕು. 1898ರ ಡಿಸೆಂಬರಿನದ್ದು ಒಕ್ಕೂಟದ ಕಾನೂನಿನಂತೆ ಡೀಲರ್ ಕಾಗದಪತ್ರದ ಗೊಡವೆಯಿಲ್ಲದೆ ಕೈ ಬದಲಾಗಬಲ್ಲದು, 1899ರ ಜನವರಿಯದ್ದು ಬೇರೆಯೇ ಸಾಲಿಗೆ ಸೇರುತ್ತದೆ. ಅದಕ್ಕೇ ಬಲ್ಲ ಗಿರಾಕಿ ನಳಿಗೆಯ ಹೊಳಪಿಗಿಂತ ಮೊದಲು ಕ್ರಮಸಂಖ್ಯೆ ನೋಡುತ್ತಾನೆ.

ನಮ್ಮಲ್ಲೂ ಅದೇ ಕತೆ

ಈ ಮಾತು ದೂರದ ದೇಶದ್ದೆಂದು ತಳ್ಳಿಹಾಕಬೇಕಿಲ್ಲ. ಭಾರತದಲ್ಲಿ .303 ನಾಗರಿಕರಿಗೆ ನಿಷಿದ್ಧ ಬೋರ್, .38 ರಿವಾಲ್ವರ್ ಕೂಡ ಹಾಗೆಯೇ. ಸೇನೆ ಮತ್ತು ಪೊಲೀಸರ ತೋಟಾ ಹೊರಗಿನವರ ಬಂದೂಕಿಗೆ ಹೊಂದಬಾರದೆಂಬುದು ಬ್ರಿಟಿಷರ ಕಾಲದಿಂದ ಬಂದ ಯೋಚನೆ. ಅದರ ಫಲವಾಗಿಯೇ ನಮ್ಮ ಆರ್ಡನೆನ್ಸ್ ಫ್ಯಾಕ್ಟರಿಗಳ .315 ರೈಫಲ್ಲಿಗೂ .32 ರಿವಾಲ್ವರಿಗೂ ಗಿರಾಕಿ. ಬೇರೆ ದೇಶಗಳಲ್ಲಿ .315ರ ಹೆಸರು ಕೇಳಿದವರೇ ಕಡಿಮೆ. ನಮ್ಮಲ್ಲಿ ಅದು ಲೈಸೆನ್ಸ್‌ದಾರರ ಮನೆಮಾತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಆ ವಿನಾಯಿತಿಯಲ್ಲಿ ಜೋಡುನಳಿಗೆಯ ಕೋವಿ, ಪಿಸ್ತೂಲು, ರಿವಾಲ್ವರ್ ಇವೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೆ ಕೂರುವ ಕೋವಿ ಯಾವ ಬಗೆಯದ್ದು ಎನ್ನುವುದರಲ್ಲೂ ಸಂಪ್ರದಾಯದ ಜೊತೆ ಅಧಿಸೂಚನೆಯ ಕೈಯಿದೆ. ವಿದೇಶಿ ಬಂದೂಕಿನ ಖಾಸಗಿ ಆಮದು 1980ರ ದಶಕದ ಮಧ್ಯದಿಂದ ಹೆಚ್ಚುಕಡಿಮೆ ನಿಂತಿರುವುದರಿಂದ ರಿವಾಲ್ವರ್ ತೋಟಾದ ಪಂಪ್ ರೈಫಲ್ಲಿಗೆ ಇಲ್ಲಿ ಬಾಗಿಲೇ ಇಲ್ಲ.

ಕಡೆಯ ಆಕ್ಷೇಪ ನೈತಿಕವಾದದ್ದು. ಗುಂಡಿಗೆ ಸಾವಿರಾರು ಜನ ಬಲಿಯಾಗುವ ಅಮೆರಿಕದಂಥ ದೇಶದಲ್ಲಿ ಇನ್ನೊಂದು ಬಗೆಯ ಬಂದೂಕಿನ ಗುಣಗಾನ ಏಕೆ? ಅಮೆರಿಕದ ಕೊಲೆಗಳಲ್ಲಿ ಬಳಕೆಯಾಗುವ ಬಂದೂಕುಗಳ ಪೈಕಿ ಹೆಚ್ಚಿನವು ಪಿಸ್ತೂಲು, ರಿವಾಲ್ವರುಗಳು. ಉದ್ದನೆಯ ಪಂಪ್ ರೈಫಲ್ ಆ ಲೆಕ್ಕದಲ್ಲಿ ಎದ್ದು ಕಾಣುವುದಿಲ್ಲ. ಆದರೆ ಇಷ್ಟರಿಂದ ಅದು ನಿರಪಾಯವಾಗುವುದಿಲ್ಲ. ಹತ್ತು ಗುಂಡುಗಳನ್ನು ಕೆಲವೇ ಸೆಕೆಂಡಿನಲ್ಲಿ ಹಾರಿಸಬಲ್ಲ ಯಂತ್ರ ಅದು. ಈ ಆಕ್ಷೇಪ ನನ್ನ ವಾದವನ್ನು ಮುರಿಯುವ ಬದಲು ಬಿಗಿಗೊಳಿಸುತ್ತದೆ. ಯಾವ ಬಂದೂಕು ಬಾಳಬೇಕೆಂದು ನಿಯಮವೇ ತೀರ್ಮಾನಿಸುವುದಾದರೆ, ನಿಯಮ ಬರೆಯುವವನ ಹೊಣೆ ಬಂದೂಕು ರೂಪಿಸುವವನ ಹೊಣೆಗಿಂತ ಚಿಕ್ಕದಲ್ಲ. ಒಂದು ವರ್ಗವನ್ನು ನಿರ್ಬಂಧಿಸಿದರೆ ಜನರ ಕೈ ಪಕ್ಕದ ವರ್ಗಕ್ಕೆ ಹೋಗುತ್ತದೆಂಬುದನ್ನು ಪೆನ್ಸಿಲ್ವೇನಿಯಾ, ಆಸ್ಟ್ರೇಲಿಯಾ ಎರಡೂ ತೋರಿಸಿವೆ. ಬಂದೂಕಿನ ಹೆಸರು, ಆಕಾರ ನೋಡುವ ನಿಯಮಕ್ಕಿಂತ ಅದು ಎಷ್ಟು ತೋಟಾ ಹಿಡಿಯುತ್ತದೆ, ಎಷ್ಟು ಬೇಗ ಹಾರಿಸುತ್ತದೆ, ಯಾರ ಕೈಗೆ ಹೋಗುತ್ತದೆ ಎಂದು ನೋಡುವ ನಿಯಮಕ್ಕೆ ಬಲ ಹೆಚ್ಚು.

ಕೊಳ್ಳುವವನಿಗೆ ಇದರಿಂದ ಸಿಗುವ ಬುದ್ಧಿ ಸರಳ. ಅಪರೂಪದ ರೈಫಲ್ ಕಣ್ಣಿಗೆ ಬಿದ್ದಾಗ ಮನಸ್ಸು ಮೊದಲು ಯಂತ್ರದ ಕಡೆ ಹರಿಯುತ್ತದೆ. ಅದನ್ನು ಕೊನೆಗಿಡುವುದು ಜಾಣತನ. ತನ್ನ ಊರಿನ ಕಾನೂನು ಅದನ್ನು ಯಾವ ಸಾಲಿಗೆ ಸೇರಿಸಿದೆ, ತಾನು ಆಡುವ ಆಟದ ನಿಯಮ ಅದನ್ನು ಒಪ್ಪುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಅದರ ತೋಟಾ ಐದು ವರ್ಷದ ನಂತರವೂ ಅಂಗಡಿಯಲ್ಲಿ ಸಿಕ್ಕೀತೇ ಎಂಬುದು ಎರಡನೆಯದು. ಒಂದು ಸ್ಪ್ರಿಂಗ್ ಮುರಿದರೆ ಬೇರೆ ಸ್ಪ್ರಿಂಗೂ ಅದನ್ನು ಕೂರಿಸುವ ಮಿಸ್ತ್ರಿಯೂ ಇದ್ದಾರೆಯೇ ಎಂಬುದು ಮೂರನೆಯದು. ಈ ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಪಂಪ್ ರೈಫಲ್ ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ: ಕೆನ್ನೆ ಕದಲದೆ, ಗುರಿ ತಪ್ಪದೆ, ಕಡಿಮೆ ಒದೆತದಲ್ಲಿ ಹಾರಿಸುವ ಸುಖ ಲಿವರಿನಲ್ಲಿ ಅಷ್ಟು ಸುಲಭಕ್ಕೆ ಸಿಗದು. ಒಂದಕ್ಕಾದರೂ ಇಲ್ಲ ಎಂಬ ಉತ್ತರ ಬಂದರೆ, ಎಷ್ಟೇ ಒಳ್ಳೆಯ ಯಂತ್ರವಾದರೂ ಅದು ಕಪಾಟಿನ ಅಲಂಕಾರವಾಗಿಯೇ ಉಳಿಯುತ್ತದೆ. ಟಿಂಬರ್‌ವುಲ್ಫ್ ಕೊಂಡವರಲ್ಲಿ ಕೆಲವರಿಗಾದರೂ ಈ ಪಾಠ ಸಿಕ್ಕಿರಬೇಕು.